ಹೆಚ್ಚು ರೇಸ್ ಗೆದ್ದವರೇ ಚಾಂಪಿಯನ್ ಆಗಬೇಕಲ್ವಾ?

ಪ್ರಶ್ನೆ (ಸುರತ್ಕಲ್‌ನಿಂದ): ಸರ್, ರೇಸ್‌ಗಳಲ್ಲಿ ಟೈಮಿಂಗ್, ಪಾಯಿಂಟ್ ಲೆಕ್ಕ ನೋಡುವವರು ನೀವು, ಅದಕ್ಕೇ ಕೇಳುತ್ತಿದ್ದೇನೆ. 2016ರ ಫಾರ್ಮುಲಾ ಒನ್ ಕಾರ್ ಪಂದ್ಯಾವಳಿಯಲ್ಲಿ ಹ್ಯಾಮಿಲ್ಟನ್ 10 ರೇಸ್ ಗೆದ್ದರು, ರೋಸ್‌ಬರ್ಗ್ 9. ಆದರೂ ಚಾಂಪಿಯನ್ ರೋಸ್‌ಬರ್ಗ್! ನಮ್ಮ ಕಂಬಳದಲ್ಲಾದರೆ ಫೈನಲ್ ಗೆದ್ದ ಜೋಡಿಗೇ ಮೊದಲ ಬಹುಮಾನ. ಮಗಳು ಇದು ಅನ್ಯಾಯ ಅಂತ ಹಟ ಹಿಡಿದಿದ್ದಾಳೆ.

ಉತ್ತರ: ಅನ್ಯಾಯ ಅಲ್ಲ ಮೇಡಂ. ಕಂಬಳದ ಬಹುಮಾನ ಆ ಒಂದು ಕಂಬಳಕ್ಕೆ. ಚಾಂಪಿಯನ್‌ಶಿಪ್ ಇಡೀ ವರ್ಷದ್ದು, ಆ ವರ್ಷ 21 ರೇಸ್ ಇದ್ದವು. ಮೊದಲ ಹತ್ತು ಸ್ಥಾನಕ್ಕೆ 25, 18, 15, 12, 10, 8, 6, 4, 2, 1 ಪಾಯಿಂಟ್. 2010ರಿಂದ ಇದೇ ಲೆಕ್ಕ. ಗೆದ್ದವರಿಗೂ ಎರಡನೆಯವರಿಗೂ ಬರೀ 7 ಪಾಯಿಂಟ್ ಅಂತರ. ಕಥೆ ಎಲ್ಲ ಆ 7ರಲ್ಲೇ ಉಂಟು.

ಮಲೇಷ್ಯಾದಲ್ಲಿ ಮುಂದೆ ಓಡುತ್ತಿದ್ದ ಹ್ಯಾಮಿಲ್ಟನ್ ಎಂಜಿನ್ ಕೈಕೊಟ್ಟಿತು. ಸಿಕ್ಕಿದ್ದು ಸೊನ್ನೆ. ಮುಂದಿನ ಜಪಾನ್ ರೇಸನ್ನು ರೋಸ್‌ಬರ್ಗ್ ಗೆದ್ದರು, 33 ಪಾಯಿಂಟ್ ಮುಂದೆ ಹೋದರು. ಉಳಿದದ್ದು ನಾಲ್ಕು ರೇಸ್. ನಾಲ್ಕನ್ನೂ ಹ್ಯಾಮಿಲ್ಟನ್ ಗೆದ್ದರು, ನಾಲ್ಕರಲ್ಲೂ ರೋಸ್‌ಬರ್ಗ್ ಎರಡನೆಯವರು. ನಾಲ್ಕೇಳಲಿ 28, ಆ 33ರಲ್ಲಿ ಅಷ್ಟು ಕರಗಿತು. ಕೊನೆಗೆ 385ಕ್ಕೆ 380, ಐದೇ ಪಾಯಿಂಟ್!

ಮಗಳಿಗೆ ಆ ಕೊನೆಯ ಅಬುಧಾಬಿ ರೇಸ್ ತೋರಿಸಿ. ಹ್ಯಾಮಿಲ್ಟನ್ ಗೆದ್ದರೂ ರೋಸ್‌ಬರ್ಗ್‌ಗೆ ಮೂರನೇ ಸ್ಥಾನ ಸಾಕಿತ್ತು, ನಾಲ್ಕಕ್ಕೆ ಇಳಿದರೆ ಒಂದು ಪಾಯಿಂಟಿನಿಂದ ಪಟ್ಟ ಹೋಗುತ್ತಿತ್ತು. ಅದಕ್ಕೇ ಹ್ಯಾಮಿಲ್ಟನ್ ಮುಂದೆ ಇದ್ದುಕೊಂಡು ಬೇಕಂತಲೇ ನಿಧಾನ ಮಾಡಿದರು, ಹಿಂದಿದ್ದ ವೆಟೆಲ್, ವರ್ಸ್ಟಾಪೆನ್ ಬಂದು ರೋಸ್‌ಬರ್ಗ್‌ರನ್ನು ದಾಟಲಿ ಅಂತ. ಅಷ್ಟು ಒತ್ತಡದಲ್ಲೂ ಸ್ಥಾನ ಬಿಡದೆ ಓಡಿಸುವುದು ಗೆಲುವಿಗಿಂತ ಸಣ್ಣ ಕೆಲಸ ಅಲ್ಲ ಅಂತ ನನ್ನ ಅಭಿಪ್ರಾಯ.

ಪ್ರಶ್ನೆ (ಮಣಿಪಾಲದಿಂದ): ಸರ್, ನಾವು ಕಾಲೇಜು ಹುಡುಗರು ನಾಲ್ಕು ಸುತ್ತಿನ ಗೋ-ಕಾರ್ಟ್ ಪಂದ್ಯ ಇಟ್ಟಿದ್ದೇವೆ. ಇಬ್ಬರ ಪಾಯಿಂಟ್ ಸಮ ಬಂದರೆ?

ಉತ್ತರ: ಯಾರು ಜಾಸ್ತಿ ರೇಸ್ ಗೆದ್ದಿದ್ದಾರೆ ನೋಡಿ. ಅದೂ ಸಮ ಆದರೆ ಎರಡನೇ ಸ್ಥಾನ ಎಣಿಸಿ, ಆಮೇಲೆ ಮೂರನೇದು. ಫಾರ್ಮುಲಾ ಒನ್‌ನಲ್ಲೂ ಹೀಗೇ. 2021ರಲ್ಲಿ ವರ್ಸ್ಟಾಪೆನ್, ಹ್ಯಾಮಿಲ್ಟನ್ ಇಬ್ಬರೂ 369.5 ಪಾಯಿಂಟ್‌ನಲ್ಲಿ ಕೊನೆಯ ರೇಸಿಗೆ ಬಂದರು. ಆ ಅರ್ಧ ಪಾಯಿಂಟ್ ಬೆಲ್ಜಿಯಂನಿಂದ ಬಂದದ್ದು. ಮಳೆಯಿಂದ ಅಲ್ಲಿ ರೇಸ್ ನಡೆಯದಂತಾಗಿ ಆಯಾ ಸ್ಥಾನಕ್ಕೆ ಸಿಗಬೇಕಾದ ಪಾಯಿಂಟಿನಲ್ಲಿ ಅರ್ಧ ಮಾತ್ರ ಕೊಟ್ಟಿದ್ದರು. ಪಟ್ಟಿಯಲ್ಲಿ ಮೇಲಿದ್ದದ್ದು ವರ್ಸ್ಟಾಪೆನ್, 9 ಗೆಲುವು ಇತ್ತು. ಹ್ಯಾಮಿಲ್ಟನ್‌ಗೆ 8.

ನಿಯಮವನ್ನು ಮೊದಲ ಸುತ್ತಿಗೆ ಮುಂಚೆಯೇ ಬರೆದು ಎಲ್ಲರಿಗೂ ಕೊಡಿ. ಮಳೆಯಲ್ಲಿ ರೇಸ್ ಅರ್ಧಕ್ಕೆ ನಿಂತರೆ ಎಷ್ಟು ಪಾಯಿಂಟ್ ಅಂತಲೂ ಬರೆಯಿರಿ, ನಮ್ಮ ಊರಲ್ಲಿ ಅದು ಬೇಕೇ ಬೇಕು. ಮತ್ತೆ, ಕೊನೆಯ ಸುತ್ತಿಗೆ ಡಬಲ್ ಪಾಯಿಂಟ್ ಮಾತ್ರ ಇಡಬೇಡಿ. 2014ರಲ್ಲಿ ಫಾರ್ಮುಲಾ ಒನ್‌ನವರು ಇಟ್ಟು ನೋಡಿ, ಮರುವರ್ಷವೇ ಕೈಬಿಟ್ಟರು.