ಎರಡು ಇಂಜಿನ್‌ನ ಹಳೆಯ ರೇಸಿಂಗ್ ಕಾರ್ಟ್: ಯಾವ ಕಾಲದ್ದು, ಇಂಜಿನ್ ಯಾವುವು?

ಹಳೇಗಾಲಿ:
ನಮಸ್ಕಾರ. ಅಮೆರಿಕದ ಮಿಷಿಗನ್‌ನಲ್ಲಿ ಸಿಕ್ಕ ಕಾರ್ಟ್ (ನೆಲಕ್ಕೆ ತಗ್ಗಾಗಿರುವ ಪುಟ್ಟ ರೇಸ್ ಗಾಡಿ) ಇದು. ಫ್ರೇಮ್ ಮೇಲೆ ಕಂಪನಿ ಪ್ಲೇಟ್ ಇಲ್ಲ. ಸೀಟಿನ ಹಿಂದೆ ಎಡಕ್ಕೊಂದು ಬಲಕ್ಕೊಂದು ಇಂಜಿನ್, ಎರಡರ ಕವರ್ ಮೇಲೂ ಮೆಕ್‌ಕಲಕ್ ಅಂತ ಅಚ್ಚಿದೆ. ಎಡದ್ದರ ಮಾಡೆಲ್ ಪ್ಲೇಟ್ ಕಿತ್ತುಹೋಗಿದೆ, ಬಲದ್ದು ಸವೆದು ಓದಲಿಕ್ಕೇ ಆಗುತ್ತಿಲ್ಲ. ಅಳತೆಗಳು: ಹಿಂದಿನ ಆಕ್ಸಲ್ 25.4 ಮಿ.ಮೀ., ಚೈನಿನ 10 ಲಿಂಕ್‌ಗೆ 95 ಮಿ.ಮೀ., ಚಕ್ರ 5 ಇಂಚು, ಎರಡು ಹೋಳು ಸೇರಿಸಿ ಬೋಲ್ಟ್ ಹಾಕಿದವು. ಪ್ಲಗ್ ತೆಗೆದು ಕಡ್ಡಿ ಇಳಿಸಿ ನೋಡಿದರೆ ಎಡದ ಪಿಸ್ಟನ್ 38 ಮಿ.ಮೀ. ಓಡುತ್ತದೆ, ಬಲದ್ದು 46.5. ಬಲದ್ದು ತುಂಬಾ ಬಿಗಿ. ಇವು ಯಾವ ಇಂಜಿನ್? ಸ್ಟಾರ್ಟ್ ಮಾಡುವ ಮೊದಲು ಏನೇನು ನೋಡಬೇಕು?

ರೀಡ್‌ವಾಲ್ವ್:
ಅಳತೆ ಸರಿಯಾಗಿದ್ದರೆ ಇದು ಜೋಡಿಯಲ್ಲದ ಜೋಡಿ. ಮೆಕ್‌ಕಲಕ್ ಕಂಪನಿ 1959ರಲ್ಲಿ ಕಾರ್ಟ್‌ಗೆಂದೇ ತಂದ ಎಂಸಿ-10ರ ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 1.5 ಇಂಚು, ಅಂದರೆ 38.1 ಮಿ.ಮೀ. ಬೋರ್ (ಸಿಲಿಂಡರಿನ ಒಳವ್ಯಾಸ) 2.125 ಇಂಚು. ಲೆಕ್ಕ ಹಾಕಿದರೆ 87 ಸಿಸಿ. ಎಡದ್ದು ಅದು, ಇಲ್ಲವೇ ಅದೇ ಗಾತ್ರದ ಅದರ ತಮ್ಮಂದಿರಲ್ಲೊಂದು. ಎಂಸಿ-101 ನಂತರ ಬಂದದ್ದು: ಬೋರ್ 2.28, ಸ್ಟ್ರೋಕ್ 1.835 ಇಂಚು (46.6 ಮಿ.ಮೀ.), 123 ಸಿಸಿ. ನಿಮ್ಮ ಬಲದ ಇಂಜಿನ್ ಅದಕ್ಕೆ ಹೊಂದುತ್ತದೆ.

ಒಂದು ಎಚ್ಚರಿಕೆ ಇದೆ. ಪ್ಲಗ್ ರಂಧ್ರ ಓರೆಯಾಗಿದ್ದರೆ ಕಡ್ಡಿಯೂ ಓರೆಯಾಗೇ ಇಳಿಯುತ್ತದೆ, ಸ್ಟ್ರೋಕ್ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ಎರಡರಲ್ಲೂ ಪ್ಲಗ್ ಒಂದೇ ಕೋನದಲ್ಲಿದ್ದರೆ ವ್ಯತ್ಯಾಸ ನಿಜವಾದದ್ದೇ. ಇನ್ನೊಂದು, ಮೆಕ್‌ಕಲಕ್‌ನ ಎಸ್‌ಪಿ-125 ಮರದ ಗರಗಸವೂ 123 ಸಿಸಿ. ಹಾಗಾಗಿ ಬಲದ್ದು ಗರಗಸದಿಂದ ಬಂದದ್ದೋ ಎಂದು ಕವರ್ ಮತ್ತು ಮೌಂಟಿಂಗ್ ನೋಡಿ ಖಚಿತ ಮಾಡಿಕೊಳ್ಳಿ. ಗರಗಸದ್ದಾದರೆ ಚೈನಿಗೆ ಎಣ್ಣೆ ಹಾಕುವ ಪಂಪ್ ಇದ್ದ ಜಾಗ, ಹಿಡಿಕೆ ಕೂರಿಸುವ ಗುಬಟು ಎಲ್ಲೋ ಉಳಿದಿರುತ್ತದೆ.

ಚೈನುಸ್ಪ್ರಾಕೆಟ್:
ಫ್ರೇಮ್ ಬಗ್ಗೆ ನನ್ನ ಅಭಿಪ್ರಾಯ: 10 ಲಿಂಕ್‌ಗೆ 95 ಮಿ.ಮೀ. ಅಂದರೆ 35ನೇ ನಂಬರ್ ಚೈನು. ಈಗಿನ ಕಾರ್ಟ್‌ಗಳ 219 ಚೈನಿಗೆ ಅಷ್ಟೇ ಲಿಂಕ್ 78 ಮಿ.ಮೀ. ಬರುತ್ತದೆ. ಒಂದಿಂಚಿನ ಆಕ್ಸಲ್, 35 ಚೈನು, ಸೀಟಿನ ಹಿಂದೆ ಇಂಜಿನ್, ಮೂರೂ ಸೇರಿದರೆ 1960ರ ದಶಕದ ಅಮೆರಿಕನ್ ಫ್ರೇಮ್ ಎನ್ನಬಹುದು. ಎಡದ ಇಂಜಿನ್ ಆ ಕಾಲದ್ದೇ. ಬಲದ್ದು ಆಮೇಲೆ ಯಾರೋ ಹಾಕಿದ್ದು ಅನ್ನಿಸುತ್ತದೆ.

ಹೆಸರು ಹೇಳಲು ಆತುರ ಬೇಡ. ಆ ಕಾಲದಲ್ಲಿ ಕ್ಯಾಲಿಫೋರ್ನಿಯಾದ ಅಜುಸಾದಲ್ಲಿ ಗೋ ಕಾರ್ಟ್ ಕಂಪನಿ, ಬಗ್ ಎಂಬ ಕಾರ್ಟ್ ತಯಾರಕರು ಇದ್ದರು. ನಿಮಗೆ ಹತ್ತಿರದ ಒಹಾಯೊದ ಮ್ಯಾನ್ಸ್‌ಫೀಲ್ಡ್‌ನಲ್ಲಿ ರಪ್ ಕಂಪನಿಯ ಡಾರ್ಟ್ ಕಾರ್ಟ್ ಇತ್ತು. ಮನೆಯ ಶೆಡ್ಡಿನಲ್ಲಿ ಬೆಸೆದ ಫ್ರೇಮ್‌ಗಳಿಗಂತೂ ಲೆಕ್ಕವಿಲ್ಲ. ಪೈಪಿನ ಹೊರವ್ಯಾಸ, ಕಿಂಗ್‌ಪಿನ್ (ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಪಿನ್ನು) ಬ್ರಾಕೆಟ್‌ನ ಆಕಾರ, ಪೆಡಲ್, ಸ್ಟೀರಿಂಗ್ ತೋಳು ಇಷ್ಟರ ಫೋಟೊ ಹಾಕಿ. ಬಣ್ಣ ಮಾತ್ರ ಈಗಲೇ ಕೆರೆದು ಹಾಕಬೇಡಿ! ಸೀಟಿನ ಅಡಿಯಲ್ಲಿ ಒಂದು ಚಿಕ್ಕ ಜಾಗ ತೆಳ್ಳಗೆ ಉಜ್ಜಿದರೆ ಮೊದಲಿನ ಬಣ್ಣ ಸಿಗುತ್ತದೆ. ಬಳಸದೇ ಖಾಲಿ ಉಳಿದ ತೂತುಗಳೂ ಬಹಳ ಹೇಳುತ್ತವೆ: ಬಲಗಡೆ ಹಳೆಯ ಮೌಂಟ್ ತೂತುಗಳು ಎಡದ ಇಂಜಿನ್ನಿನ ತೂತಿನ ಅಂತರಕ್ಕೇ ಸಮ ಇದ್ದರೆ ಮೊದಲು ಎರಡೂ ಒಂದೇ ಬಗೆಯವು ಇದ್ದವು ಎಂದರ್ಥ.

ಚಕ್ರ ಮುಟ್ಟುವ ಮೊದಲು ವಾಲ್ವ್ ಪಿನ್ ತೆಗೆದು ಗಾಳಿ ಪೂರ್ತಿ ಬಿಡಿ. ಗಾಳಿ ಇರುವಾಗ ಆ ಹೋಳುಗಳ ಬೋಲ್ಟ್ ಬಿಚ್ಚಿದರೆ ಚಕ್ರ ಸಿಡಿದು ಕೈ ಹೋಗುತ್ತದೆ. ಚಕ್ರ ಮೆಗ್ನೀಸಿಯಮ್ ಇರಬಹುದು. ಒಳಮೈಯಲ್ಲಿ ಸ್ವಲ್ಪ ಕೆರೆದು ಒಂದು ಹನಿ ವಿನೆಗರ್ ಬಿಡಿ, ಗುಳ್ಳೆ ಬಂದರೆ ಮೆಗ್ನೀಸಿಯಮ್. ಹಾಗಿದ್ದರೆ ಆಮ್ಲದ ತೊಳೆತವೂ ಬೇಡ, ಗ್ರೈಂಡರೂ ಬೇಡ. ಅದರ ಪುಡಿಗೆ ಬೆಂಕಿ ಹತ್ತಿದರೆ ನೀರು ಹಾಕಿ ಆರಿಸಲಾಗದು.

ರೀಡ್‌ವಾಲ್ವ್:
ಬಲದ್ದು ಬಿಗಿ ಇರುವುದು ಹೆಚ್ಚಾಗಿ ಹರಳೆಣ್ಣೆಯ ಅರಗಿನಿಂದ. ಆಗ ರೇಸಿಗೆ ಹರಳೆಣ್ಣೆ ಬೆರೆಸುತ್ತಿದ್ದರು, ವರ್ಷಗಳು ಕಳೆದಂತೆ ಅದು ವಾರ್ನಿಶ್ ಥರ ಗಟ್ಟಿಯಾಗುತ್ತದೆ. ಪ್ಲಗ್ ರಂಧ್ರಕ್ಕೆ ಪೆನೆಟ್ರೇಟಿಂಗ್ ಆಯಿಲ್ ಬಿಟ್ಟು ಎರಡು ಮೂರು ದಿನ ಹಾಗೇ ಇಡಿ. ಫ್ಲೈವೀಲಿಗೆ ಸುತ್ತಿಗೆ ಏಟು ಹಾಕಬೇಡಿ, ಅದನ್ನು ಕ್ರ್ಯಾಂಕಿಗೆ ಹಿಡಿದಿಡುವ ಕೀ (ಚಿಕ್ಕ ಲೋಹದ ತುಂಡು) ಕತ್ತರಿಸಿ ಇಗ್ನಿಷನ್ ಟೈಮಿಂಗ್, ಅಂದರೆ ಕಿಡಿ ಹೊತ್ತುವ ಸಮಯ, ಹೋಗುತ್ತದೆ.

ನಂತರ ಕ್ರ್ಯಾಂಕ್ ಸೀಲ್, ಅಂದರೆ ಕ್ರ್ಯಾಂಕ್ ಹೊರಬರುವಲ್ಲಿ ಗಾಳಿ ತಡೆಯುವ ರಬ್ಬರ್ ಬಳೆ. ಇಷ್ಟು ಹಳೆಯ ರಬ್ಬರ್ ಕಲ್ಲಾಗಿರುತ್ತದೆ, ಗಾಳಿ ಒಳಗೆ ಎಳೆದುಕೊಂಡು ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಇನ್‌ಲೆಟ್, ಎಕ್ಸಾಸ್ಟ್ ಮುಚ್ಚಿ 6 ಪಿಎಸ್‌ಐ ಗಾಳಿ ಕೊಡಿ. ನಿಮಿಷಕ್ಕೆ 1 ಪಿಎಸ್‌ಐಗಿಂತ ಹೆಚ್ಚು ಇಳಿದರೆ ಸೋಪಿನ ನೀರು ಹಚ್ಚಿ ಎಲ್ಲಿ ಸೋರುತ್ತಿದೆ ನೋಡಿ. ರೀಡ್‌ಗಳ (ಇಂಧನ ಮಿಶ್ರಣವನ್ನು ಒಳಬಿಡುವ ತೆಳು ಪಟ್ಟಿಗಳು) ತುದಿ ಚಕ್ಕೆ ಎದ್ದಿರಬಾರದು, ಒಡೆದ ಚೂರು ನೇರ ಕ್ರ್ಯಾಂಕ್‌ಕೇಸ್‌ಗೆ ಬೀಳುತ್ತದೆ. ಪಾಯಿಂಟ್ (ಕಿಡಿ ಹೊತ್ತಿಸುವ ಸ್ವಿಚ್ಚು) ಗ್ಯಾಪ್ 0.018 ಇಂಚು. ಕಾರ್ಬ್ಯುರೇಟರ್‌ನ ಡಯಾಫ್ರಾಮ್ ಹೇಗಿದ್ದರೂ ಹೊಸದು ಹಾಕಿ.

ಕಾರ್ಬ್ಯುರೇಟರ್ ಒಳಗೆ ಬಿಳಿ ಪುಡಿ ಕಂಡರೆ ಮೆಥನಾಲ್‌ನಲ್ಲಿ ಓಡಿಸಿದ್ದಾರೆ. ಮೆಥನಾಲ್‌ಗೆ ಪೆಟ್ರೋಲಿನ ಎರಡರಷ್ಟಕ್ಕೂ ಹೆಚ್ಚು ಇಂಧನ ಬೇಕು, ಅದಕ್ಕಾಗಿ ರಂಧ್ರಗಳನ್ನು ಕೊರೆದು ದೊಡ್ಡದು ಮಾಡಿರುತ್ತಾರೆ. ಅದಕ್ಕೇ ಪೆಟ್ರೋಲ್ ಹಾಕಿದರೆ ಪ್ಲಗ್ ಒದ್ದೆಯಾಗಿ ಇಂಜಿನ್ ಏಳುವುದೇ ಇಲ್ಲ, ಇಂಧನ ಹೊಂದಿಸುವ ಸೂಜಿ ತಿರುಗಿಸಿಯೂ ಪ್ರಯೋಜನವಿಲ್ಲ.

ಹಳೇಗಾಲಿ:
ತುಂಬಾ ಉಪಕಾರವಾಯಿತು. ಎರಡೂ ಇಂಜಿನ್‌ಗಳ ಸ್ಪ್ರಾಕೆಟ್ ಒಳಗಡೆ, ಆಕ್ಸಲ್ ಮಧ್ಯಕ್ಕೆ ಮುಖ ಮಾಡಿವೆ. ಹಾಗಾದರೆ ಒಂದು ತಿರುಗುಮುರುಗು ಓಡಬೇಕಲ್ಲವೇ?

ಚೈನುಸ್ಪ್ರಾಕೆಟ್:
ಹೌದು. ಚೈನು ತಿರುಗುವ ದಿಕ್ಕನ್ನು ಬದಲಿಸುವುದಿಲ್ಲ. ಕಾರ್ಟ್ ಮುಂದಕ್ಕೆ ಹೋಗುವಾಗ ಸ್ಪ್ರಾಕೆಟ್ ಕಡೆಯಿಂದ ನೋಡಿದರೆ ಎಡದ ಇಂಜಿನ್ ಗಡಿಯಾರದ ಮುಳ್ಳಿನಂತೆ, ಬಲದ್ದು ವಿರುದ್ಧವಾಗಿ ತಿರುಗಬೇಕು. ರೀಡ್ ವಾಲ್ವ್ ಇಂಜಿನ್ ಯಾವ ಕಡೆಗೂ ಉಸಿರಾಡಬಲ್ಲದು, ದಿಕ್ಕು ನಿರ್ಧರಿಸುವುದು ಇಗ್ನಿಷನ್ ಟೈಮಿಂಗ್. ಕ್ರ್ಯಾಂಕ್ ಜೊತೆ ತಿರುಗುವ ರೋಟರಿ ವಾಲ್ವ್ ಆಗಿದ್ದರೆ ವಾಲ್ವನ್ನೇ ಬದಲಿಸಬೇಕಿತ್ತು. ಪಾಯಿಂಟ್ ತೆರೆಯುವ ಕ್ಷಣ ಟಿಡಿಸಿಗೆ (ಪಿಸ್ಟನ್ ತೀರಾ ಮೇಲೆ ತಲುಪುವ ಸ್ಥಾನ) ಸ್ವಲ್ಪ ಮೊದಲು ಬರುವುದು ಯಾವ ಕಡೆ ತಿರುಗಿಸಿದಾಗ ಎಂದು ಎರಡರಲ್ಲೂ ನೋಡಿ. ದಿಕ್ಕು ಬದಲಾದ ಇಂಜಿನ್‌ನಲ್ಲಿ ಕ್ಲಚ್ಚಿನ ನಟ್ ತಾನೇ ಸಡಿಲವಾಗುವ ಅಪಾಯವಿದೆ, ಥ್ರೆಡ್ ಪರೀಕ್ಷಿಸಿ.

ಎರಡೂ ಕಡೆಯ ಸ್ಪ್ರಾಕೆಟ್ ಹಲ್ಲು ಎಣಿಸಿ ಇಲ್ಲಿ ಹಾಕಿ. ಅನುಪಾತ ಬೇರೆ ಬೇರೆ ಇದ್ದರೆ, ಉದ್ದ ಸ್ಟ್ರೋಕಿನ ಇಂಜಿನ್ ಅದರದೇ ಆರ್‌ಪಿಎಂನಲ್ಲಿ ಎಳೆಯಲಿ ಎಂದು ಯಾರೋ ಯೋಚಿಸಿ ಕೂರಿಸಿದ್ದಾರೆ. ಒಂದೇ ಇದ್ದರೆ ಸಿಕ್ಕಿದ ಇಂಜಿನ್ ಬಿಗಿದು ಬಿಟ್ಟಿದ್ದಾರೆ. ಹಾಗಿದ್ದಲ್ಲಿ ಇನ್ನೊಂದು 87 ಸಿಸಿ ಹುಡುಕುವುದೇ ಸರಿ.