ಇಟಲಿಯಿಂದ ಪಾಸ್ತಾ ಸಾಸ್ ತರಿಸುವುದು: ಯುರೋಪಿನ ಲೇಬಲ್ ಮೇಲೆ ಇಲ್ಲಿ ಸ್ಟಿಕ್ಕರ್ ಹಚ್ಚಿದರೆ ಸಾಕೇ?

ಸಗಟು_ಬೆಂಗಳೂರು
ಐಇಸಿ (ಆಮದು-ರಫ್ತಿನ ಕೋಡ್ ನಂಬರ್) ಇದೆ, ಆಮದಿಗೆ ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ಸೆಂಟ್ರಲ್ ಲೈಸೆನ್ಸೂ ಇದೆ. 400 ಗ್ರಾಂ ಗಾಜಿನ ಜಾರ್‌ನಲ್ಲಿ ಟೊಮೆಟೊ-ಬೇಸಿಲ್ ಸಾಸ್, ಜೊತೆಗೆ ಸ್ವಲ್ಪ ಪೆಸ್ತೊ (ಬೇಸಿಲ್-ಚೀಸ್ ಅರೆದು ಮಾಡುವ ಸಾಸ್), ಒಂದು 20 ಅಡಿ ಕಂಟೇನರ್ ಚೆನ್ನೈಗೆ ತರಿಸಿ ಅಲ್ಲಿಂದ ಲಾರಿಯಲ್ಲಿ ಬೆಂಗಳೂರಿನ ಗೋದಾಮಿಗೆ ತರುವ ಯೋಚನೆ. ಯುರೋಪಿಗೆ ತಯಾರಾದ ಸ್ಟಾಕನ್ನೇ ಕಳಿಸುತ್ತೇವೆ, ಸ್ಟಿಕ್ಕರ್ ನೀವೇ ಹಚ್ಚಿಕೊಳ್ಳಿ ಎನ್ನುತ್ತಾರೆ ತಯಾರಕರು. ಇದು ನಡೆಯುತ್ತದೆಯೇ? ಎಂಆರ್‌ಪಿ ಎಲ್ಲಿಗೆ ಬಂದು ನಿಲ್ಲಬಹುದು?

ಬಾಂಡೆಡ್_ಗೋದಾಮು
ನಡೆಯುವುದಿಲ್ಲ ಸರ್. ಒಪ್ಪಲೇಬೇಡಿ. ಬಂದರಿನಲ್ಲಿ ಸ್ಟಿಕ್ಕರ್‌ನಿಂದ ಸರಿಪಡಿಸಲು ಬಿಡುವುದು ನಾಲ್ಕೇ ವಿಷಯ: ಆಮದುದಾರರ ಹೆಸರು-ವಿಳಾಸ, ಎಫ್‌ಎಸ್‌ಎಸ್‌ಎಐ ಲೋಗೊ ಮತ್ತು ಲೈಸೆನ್ಸ್ ನಂಬರ್, ಸಸ್ಯಾಹಾರ-ಮಾಂಸಾಹಾರ ಗುರುತು, ಪ್ರೊಪ್ರೈಟರಿ ಫುಡ್ (ನಿಗದಿತ ಮಾನದಂಡ ಇಲ್ಲದ ಆಹಾರ) ಆದರೆ ಅದರ ವರ್ಗ ಮತ್ತು ಸ್ವರೂಪದ ವಿವರ. ಎಫ್‌ಎಸ್‌ಎಸ್‌ಎಐ ಕೇಳುವ ಉಳಿದದ್ದೆಲ್ಲ ಸರಕು ಹೊರಡುವ ಮೊದಲೇ ಜಾರ್ ಮೇಲೆ ಇರಬೇಕು.

ಯುರೋಪಿನ ಜಾರ್‌ನಲ್ಲಿ ಸಾಮಾನ್ಯವಾಗಿ ಬೆಸ್ಟ್ ಬಿಫೋರ್ ಮಾತ್ರ ಇರುತ್ತದೆ, ತಯಾರಿಕೆಯ ದಿನಾಂಕ ಇರುವುದಿಲ್ಲ. ಹೆಚ್ಚಿನ ಸರಕು ಸಿಕ್ಕಿಬೀಳುವುದು ಇಲ್ಲೇ. ಪೌಷ್ಟಿಕಾಂಶದ ಪಟ್ಟಿಯೂ ಹೊಂದುವುದಿಲ್ಲ. ಅಲ್ಲಿ ಉಪ್ಪನ್ನು ಗ್ರಾಂನಲ್ಲಿ ಹಾಕುತ್ತಾರೆ, ಇಲ್ಲಿ ಸೋಡಿಯಂ ಮಿಲಿಗ್ರಾಂನಲ್ಲಿ ಬೇಕು (ಉಪ್ಪಿನ ತೂಕವನ್ನು 2.5ರಿಂದ ಭಾಗಿಸಿ). ಸೇರಿಸಿದ ಸಕ್ಕರೆ, ಟ್ರಾನ್ಸ್ ಫ್ಯಾಟ್, ಕೊಲೆಸ್ಟ್ರಾಲ್ ಅಲ್ಲಿನ ಪಟ್ಟಿಯಲ್ಲಿ ಇರುವುದೇ ಇಲ್ಲ. ಸೇರ್ಪಡೆ ಪದಾರ್ಥದ (ಅಡಿಟಿವ್) ನಂಬರ್ ಅಲ್ಲಿ ಇ 330 ಎಂದಿರುವುದು ಇಲ್ಲಿ ಐಎನ್‌ಎಸ್ 330 ಆಗಬೇಕು. ಹಾಗಾಗಿ ಭಾರತಕ್ಕೇ ಪ್ರತ್ಯೇಕ ಲೇಬಲ್ ಮಾಡಿಸಿ. ಅದರ ಪಿಡಿಎಫ್ ಅನ್ನು ನಿಮ್ಮ ಕಸ್ಟಮ್ಸ್ ಬ್ರೋಕರ್ ಸಾಲುಸಾಲಾಗಿ ನೋಡಿ ಒಪ್ಪುವವರೆಗೆ ಅಡ್ವಾನ್ಸ್ ಹಣ ಕಳಿಸಬೇಡಿ.

ಇನ್ನೊಂದು ಮಾತು, ಇದನ್ನು ಎಷ್ಟೋ ಜನ ಗಮನಿಸುವುದಿಲ್ಲ. ಕಸ್ಟಮ್ಸ್‌ನಲ್ಲಿ ನಿಮ್ಮ ಟೊಮೆಟೊ ಸಾಸ್ 2103 20 00 ಎಂಬ ಸುಂಕದ ಕೋಡ್ ಅಡಿಯಲ್ಲಿ, ಕೆಚಪ್ ಜೊತೆಗೇ ಹೋಗುತ್ತದೆ, ಅದು ಸರಿಯೇ. ಆದರೆ ಜಾರ್ ಮೇಲೆ ಬರೀ 'ಟೊಮೆಟೊ ಸಾಸ್' ಎಂದು ಬರೆದು ಎಫ್‌ಎಸ್‌ಎಸ್‌ಎಐ ಅರ್ಜಿಯಲ್ಲೂ ಹಾಗೇ ತುಂಬಿದರೆ ಲ್ಯಾಬಿನವರು ಕೆಚಪ್‌ನ ಮಾನದಂಡಕ್ಕೆ ಹಿಡಿದು ಪರೀಕ್ಷಿಸುತ್ತಾರೆ. ಅದಕ್ಕೆ ಉಪ್ಪು ಬಿಟ್ಟು ಕರಗಿದ ಘನಾಂಶ ಕನಿಷ್ಠ 25%, ಆಮ್ಲತೆ ಅಸಿಟಿಕ್ ಲೆಕ್ಕದಲ್ಲಿ ಕನಿಷ್ಠ 1% ಬೇಕು. ಪಾಸ್ತಾ ಸಾಸ್ ಅದಕ್ಕಿಂತ ಬಹಳ ತೆಳು. ಪದಾರ್ಥ ಎಷ್ಟೇ ಚೆನ್ನಾಗಿದ್ದರೂ ಫೇಲ್ ಆಗುತ್ತದೆ. 'ಪಾಸ್ತಾ ಸಾಸ್' ಎಂದೇ ಹೆಸರಿಡಿ, ವರ್ಗ ಯಾವುದೆಂದು ಸರಕು ಹೊರಡುವ ಮೊದಲೇ ತೀರ್ಮಾನಿಸಿ.

ರ‍್ಯಾಕ್_ಲೆಕ್ಕ
ಶೆಲ್ಫ್ ಲೈಫ್ ವಿಷಯ ಸೇರಿಸುತ್ತೇನೆ. ಆಮದಿಗೆ 60% ಆಯುಷ್ಯ ಉಳಿದಿರಲೇಬೇಕು ಎಂದು ಎಲ್ಲರೂ ಹೇಳುತ್ತಾರೆ. ನಿಯಮದಲ್ಲಿರುವುದು 60% ಅಥವಾ ಎಕ್ಸ್‌ಪೈರಿಗೆ ಮೂರು ತಿಂಗಳು, ಎರಡರಲ್ಲಿ ಯಾವುದು ಕಡಿಮೆಯೋ ಅದು. 24 ತಿಂಗಳ ಸಾಸ್‌ಗೆ ಮೂರು ತಿಂಗಳಿದ್ದರೂ ಕಾನೂನು ಬಿಡುತ್ತದೆ, ಸೂಪರ್‌ಮಾರ್ಕೆಟ್ ಖರೀದಿದಾರರು ಬಿಡುವುದಿಲ್ಲ. ಆನ್‌ಲೈನ್ ಮಾರಾಟಕ್ಕೆ 2024ರ ನವೆಂಬರ್‌ನಲ್ಲಿ ಎಫ್‌ಎಸ್‌ಎಸ್‌ಎಐ ಹೇಳಿದ ಮಿತಿ ಬೇರೆ: ಗ್ರಾಹಕರ ಕೈಗೆ ತಲುಪುವಾಗ 30% ಅಥವಾ 45 ದಿನ ಉಳಿದಿರಬೇಕು. ಕೆಂಪು ಸಮುದ್ರ ಬಿಟ್ಟು ಆಫ್ರಿಕಾ ಸುತ್ತಿ ಬರುವ ಹಡಗಾದರೆ ಸುಮಾರು ಎರಡು ವಾರ ಹೆಚ್ಚು ಹಿಡಿಯುತ್ತದೆ. ಆದ್ದರಿಂದ ಆರ್ಡರ್‌ನಲ್ಲೇ 'ಲೋಡಿಂಗ್ ದಿನಕ್ಕೆ ತಯಾರಾಗಿ 60 ದಿನ ಮೀರಿರಬಾರದು' ಎಂದು ಬರೆಸಿ.

ಮರದ ಪ್ಯಾಲೆಟ್ ಮೇಲೆ, ಕೀಟ ಬರದಂತೆ ಮರ ಸಂಸ್ಕರಿಸಿದ್ದಕ್ಕೆ ಹಾಕುವ ಐಎಸ್‌ಪಿಎಂ 15 ಮುದ್ರೆ ಇದೆಯೇ ಎಂದು ಲೋಡಿಂಗ್ ಫೋಟೊದಲ್ಲಿ ನೋಡಿ. ಕಂಟೇನರ್ ಒಳಗೆ ತೇವ ಹೀರುವ ಚೀಲ ತೂಗುಹಾಕಿಸಿ. ಹಗಲು-ರಾತ್ರಿಯ ಬಿಸಿಲು-ತಂಪಿಗೆ ಚಾವಣಿಯಿಂದ ನೀರು ತೊಟ್ಟಿಕ್ಕಿ ಕಾಗದದ ಲೇಬಲ್ ಬೂಸ್ಟು ಹಿಡಿಯುತ್ತದೆ, ಒಳಗಿನ ಸಾಸ್ ಚೆನ್ನಾಗಿದ್ದರೂ ಅಂಗಡಿಯವರು ಮುಟ್ಟುವುದಿಲ್ಲ. ಇಳಿಸುವಾಗ ಮುಚ್ಚಳದ ನಡುವಿನ ಗುಂಡಿ ಒತ್ತಿ ನೋಡಿ. ಟಕ್ ಎಂದರೆ ನಿರ್ವಾತ ಹೋಗಿದೆ, ಅಂಥ ಜಾರ್ ನೇರ ಕಸಕ್ಕೆ. ಪ್ರತಿ ಬ್ಯಾಚಿಗೂ ಪಿಎಚ್ ವರದಿ ಕೇಳಿ. 4.6ಕ್ಕಿಂತ ಕೆಳಗಿದ್ದರೆ ಮಾತ್ರ ಬಾಟ್ಯುಲಿಸಂ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, ಇದರಲ್ಲಿ ರಾಜಿ ಬೇಡ.

ಸಗಟು_ಬೆಂಗಳೂರು
ಲೇಬಲ್ ಬಗ್ಗೆ ಇವತ್ತೇ ಬರೆಯುತ್ತೇನೆ. ಪೆಸ್ತೊದಲ್ಲಿ ಚೀಸ್ ಇದೆ, ಮಾಂಸ-ಮೊಟ್ಟೆ ಇಲ್ಲ. ಹಸಿರು ಚುಕ್ಕೆ ಹಾಕಬಹುದಲ್ಲವೇ?

ಬಾಂಡೆಡ್_ಗೋದಾಮು
ಯಾವ ಚೀಸ್ ಎಂದು ಮೊದಲು ಕೇಳಿ. ಪಾರ್ಮಿಜಾನೊ ರೆಜಾನೊಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯ ರೆನೆಟ್‌ನಿಂದ, ಅದರ ತಯಾರಿಕಾ ನಿಯಮವೇ ಹಾಗಿದೆ. ಪೆಕೊರಿನೊ ರೊಮಾನೊಗೆ ಕುರಿಮರಿಯದು. ಪ್ರಾಣಿಮೂಲದ ಅಂಶ ಎಷ್ಟೇ ಕಡಿಮೆಯಿದ್ದರೂ ಗುರುತಿನಲ್ಲಿ ತಿಳಿಸಬೇಕೆಂದು ದೆಹಲಿ ಹೈಕೋರ್ಟ್ 2021ರ ಡಿಸೆಂಬರ್‌ನಲ್ಲಿ ಹೇಳಿದೆ. ಹಸಿರು ಚುಕ್ಕೆ ನಂಬಿ ಕೊಳ್ಳುವವರ ಮನೆಗೆ ಅಂಥ ಜಾರ್ ಹೋಗಲೇಬಾರದು. ಸಸ್ಯಮೂಲದ ಅಥವಾ ಸೂಕ್ಷ್ಮಜೀವಿ ರೆನೆಟ್ ಬಳಸಿದ್ದಾರೆಂದು ತಯಾರಕರ ಲಿಖಿತ ಪತ್ರ ಬೇಕು. ಹಾಲಿನ ಅಂಶ ಇರುವುದರಿಂದ ಪಶು ಕ್ವಾರಂಟೈನ್ ಕಾಗದ ಕೇಳುತ್ತಾರೆಯೇ ಎಂದು ಬ್ರೋಕರ್ ಮೂಲಕ ಮುಂಚೆಯೇ ವಿಚಾರಿಸಿ. ಪೆಸ್ತೊಗೆ ಗೋಡಂಬಿ ಹಾಕಿದ್ದರೆ ಅಲರ್ಜಿ ಸಾಲಿನಲ್ಲಿ ಅದೂ ಬರಬೇಕು. ಮೊದಲ ಕಂಟೇನರ್‌ನಲ್ಲಿ ಟೊಮೆಟೊ ಮಾತ್ರ ತರಿಸುವುದು ಕ್ಷೇಮ.

ಎಂಆರ್‌ಪಿ_ಮಂಗಳೂರು
ಬೆಲೆಯ ಲೆಕ್ಕ ಹೀಗೆ ಹಾಕಿ. ಬಂದರು ತಲುಪಿದ ಬೆಲೆ 100 ರೂ. ಮೂಲ ಸುಂಕ 30%, ಅದರ ಮೇಲೆ ಹತ್ತನೇ ಒಂದು ಭಾಗ ಸೆಸ್, ಒಟ್ಟು 133. ಐಜಿಎಸ್‌ಟಿ (ಆಮದಿನ ಮೇಲೆ ಕಟ್ಟುವ ಜಿಎಸ್‌ಟಿ) 5% ಕಟ್ಟಿದರೂ ಕ್ರೆಡಿಟ್ ಸಿಗುತ್ತದೆ, ಆದರೆ ಆ ಹಣ ಸರಕು ಮಾರಾಟವಾಗುವವರೆಗೆ ಸಿಕ್ಕಿಕೊಂಡಿರುತ್ತದೆ. ಸುಂಕದ ದರವನ್ನು ಬಿಲ್ ಆಫ್ ಎಂಟ್ರಿ (ಕಸ್ಟಮ್ಸ್‌ಗೆ ಕೊಡುವ ಆಮದು ಘೋಷಣೆ) ಹಾಕುವ ದಿನ ಇನ್ನೊಮ್ಮೆ ನೋಡಿ. ಕ್ಲಿಯರೆನ್ಸ್, ಲ್ಯಾಬ್, ಲಾರಿ, ಒಡೆದದ್ದು ಸೇರಿ 15 ಇಟ್ಟುಕೊಂಡರೆ 148. ಇದರ ಮೇಲೆ ನಿಮ್ಮ ಲಾಭ 20%, ಅದರ ಮೇಲೆ ವಿತರಕರದ್ದು 10% ಸೇರಿದರೆ 195. ಅಂಗಡಿಯವರು ತಮ್ಮ ಮಾರಾಟ ಬೆಲೆಯಲ್ಲಿ 30% ಕೇಳಿದರೆ 279, ಜಿಎಸ್‌ಟಿ ಸೇರಿ ಎಂಆರ್‌ಪಿ 293. ನೂರರ ಸರಕು ಮೂರು ಪಟ್ಟಿನ ಹತ್ತಿರ ನಿಲ್ಲುತ್ತದೆ. ಪ್ರಮೋಷನ್, ಎಕ್ಸ್‌ಪೈರಿ ವಾಪಸಾತಿ ಇದರೊಳಗೆ ಇಲ್ಲ. ವಾಪಸಾತಿ ಯಾರ ತಲೆಗೆ ಎಂಬುದನ್ನು ವಿತರಕರ ಜೊತೆ ಮೊದಲೇ ಬರೆದುಕೊಳ್ಳಿ.

ಎಂಆರ್‌ಪಿ ಪಕ್ಕದಲ್ಲಿ ಪ್ರತಿ ಗ್ರಾಂ ಬೆಲೆಯನ್ನೂ ಹಾಕಬೇಕು, ಒಂದು ಕಿಲೋಗಿಂತ ಕಡಿಮೆ ತೂಕದ ಪ್ಯಾಕಿಗೆ ಅದು ಕಡ್ಡಾಯ. ಗ್ರಾಹಕರ ದೂರಿಗೆ ಫೋನ್ ಮತ್ತು ಇಮೇಲ್ ಕೂಡ. ಲೀಗಲ್ ಮೆಟ್ರಾಲಜಿಯಲ್ಲಿ (ತೂಕ-ಅಳತೆ ಇಲಾಖೆ) ಆಮದುದಾರರಾಗಿ ನೋಂದಣಿ ಆಗಿದೆಯೇ? ನಿಮ್ಮ ಪಟ್ಟಿಯಲ್ಲಿ ಅದು ಕಾಣಲಿಲ್ಲ.