ನೊಬೆಲ್ ಬಂತು, ಬಾವಿ ಬತ್ತಿತು

ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ನಾನೇ ಅಡ್ಮಿನ್. ಹುಬ್ಬಳ್ಳಿ ಎಲ್ಲರಿಗೂ ನಡುವೆ ಆಗುತ್ತದೆ ಎಂದು ಆ ಕೆಲಸ ನನ್ನ ಕೊರಳಿಗೆ ಕಟ್ಟಿದರು. ಮೊಬೈಲಿನಲ್ಲಿ ಗುಂಪು ನಡೆಸುವುದಕ್ಕೆ ಊರು ನಡುವೆ ಯಾಕಿರಬೇಕು ಎಂದು ಆಗ ನನಗೂ ಹೊಳೆಯಲಿಲ್ಲ.

ಕಳೆದ ಭಾನುವಾರ ಬೆಳಿಗ್ಗೆ ಆರೂವರೆಗೆ ಗದಗ ಕಾಕಾ ಒಂದು ಫಾರ್ವರ್ಡ್ ಹಾಕಿದರು.

"ಹೆಮ್ಮೆಯ ಕನ್ನಡಿಗರೇ! ಜಗತ್ತಿನ ಮೊಟ್ಟಮೊದಲ ಸಹಕಾರ ಸಂಘ ನಮ್ಮ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ! ಇದರ ಮೇಲೆ ಸಂಶೋಧನೆ ಮಾಡಿದ ಅಮೆರಿಕದ ಮಹಿಳೆಗೆ ನೊಬೆಲ್! ಹತ್ತು ಜನರಿಗೆ ಕಳಿಸಿ."

ಅದರ ಕೆಳಗೆ ಕಾಕಾ ತಮ್ಮದೂ ಒಂದು ಸಾಲು ಸೇರಿಸಿದ್ದರು. "ಈಗಿನವರಿಗೆ ಕೂಡಿ ಬಾಳುವುದು ಎಲ್ಲಿ ಗೊತ್ತು?"

ಬರೀ ಫಾರ್ವರ್ಡ್ ಆಗಿದ್ದರೆ ನಾಲ್ಕು ಕೈಮುಗಿದ ಚಿತ್ರ ಬಿದ್ದು ಮುಗಿಯುತ್ತಿತ್ತು. ಆ ಸಾಲು ಕೆಡಿಸಿತು.

ಮೊದಲು ಎದ್ದವಳು ಧಾರವಾಡದ ತಂಗಿ. ವಕೀಲ ಕಾಕಾನ ಮಗಳು. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಊರಿನ ಕೆರೆ, ಗೋಮಾಳ ಇಂಥವನ್ನು ಜನ ಕೂಡಿ ಹೇಗೆ ಕಾಯುತ್ತಾರೆ ಎನ್ನುವುದೇ ಅವಳ ವಿಷಯ. ಅವಳ ಮುಂದೆ ಈ ಫಾರ್ವರ್ಡ್ ಹಾಕುವುದೂ ಒಂದೇ, ಬೆಕ್ಕಿನ ಮುಂದೆ ಹಾಲಿಡುವುದೂ ಒಂದೇ.

"ಕಾಕಾ, ಇದಕ್ಕೆ ಮೂಲ ಏನು? ಕಣಗಿನಹಾಳದ ಸಂಘ 1905ರದ್ದು. ಹಿಂದಿನ ವರ್ಷ ಸಹಕಾರ ಸಂಘಗಳ ಕಾಯ್ದೆ ಬಂತು, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಎನ್ನುವ ಹೆಮ್ಮೆ ಅದಕ್ಕಿದೆ, ಅದು ಸಾಕಷ್ಟು ದೊಡ್ಡದು. ಜಗತ್ತಿನ ಮೊದಲನೆಯದು ಅಲ್ಲ. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ 1844ರಲ್ಲೇ 28 ಜನ ತಲೆಗೆ ಒಂದು ಪೌಂಡ್ ಕೂಡಿಸಿ ಅಂಗಡಿ ತೆಗೆದಿದ್ದರು. ಹಿಟ್ಟು, ಬೆಣ್ಣೆ, ಸಕ್ಕರೆ ಮಾರುತ್ತಿದ್ದರು."

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

"ನೊಬೆಲ್ ಬಂದದ್ದು ಎಲಿನಾರ್ ಆಸ್ಟ್ರಮ್ ಅವರಿಗೆ, 2009ರಲ್ಲಿ. ಅರ್ಥಶಾಸ್ತ್ರದಲ್ಲಿ ಅದು ಸಿಕ್ಕ ಮೊದಲ ಹೆಂಗಸು. ಅವರು ಬರೆದದ್ದು ಸ್ವಿಟ್ಜರ್ಲೆಂಡಿನ ಹುಲ್ಲುಗಾವಲು, ಸ್ಪೇನಿನ ಕಾಲುವೆ, ಜಪಾನಿನ ಊರಕಾಡು ಇಂಥವುಗಳ ಬಗ್ಗೆ. ಯಾರದ್ದೂ ಅಲ್ಲದ್ದನ್ನು ಎಲ್ಲರೂ ಕೊಳ್ಳೆ ಹೊಡೆಯುತ್ತಾರೆ, ಅದಕ್ಕೆ ಸರ್ಕಾರ ಬೇಕು, ಇಲ್ಲಾ ಮಾಲೀಕ ಬೇಕು ಅಂತ ದೊಡ್ಡವರು ಹೇಳುತ್ತಿದ್ದರು. ಇವರು ಊರೂರು ನೋಡಿ, ಹಾಗೇನಿಲ್ಲ, ಜನ ತಾವೇ ನೇಮ ಮಾಡಿಕೊಂಡು ನೂರಾರು ವರ್ಷ ಕಾಯ್ದಿದ್ದಾರೆ ಅಂತ ತೋರಿಸಿದರು."

ಓದಿದವರು ನಾನು ಮತ್ತು ಅವಳು, ಇಬ್ಬರೇ ಇರಬೇಕು. ಉಳಿದವರಿಗೆ ಕಂಡದ್ದು ಒಂದೇ: ಚಿಕ್ಕವಳು ದೊಡ್ಡವರಿಗೆ ಎದುರು ಮಾತಾಡಿದಳು.

ಹಾವೇರಿಯಿಂದ ದೊಡ್ಡಪ್ಪ ಬಂದರು. ನಿವೃತ್ತ ಹೆಡ್ ಮಾಸ್ತರರು. ಟೈಪ್ ಮಾಡುವುದಿಲ್ಲ, ಎರಡು ನಿಮಿಷದ ವಾಯ್ಸ್ ಮೆಸೇಜ್ ಬಿಡುತ್ತಾರೆ. "ನೋಡವ್ವಾ, ಇಂಗ್ಲೆಂಡ್, ಸ್ಪೇನ್ ಯಾಕೆ ಬೇಕು? ನಮ್ಮ ಹಿರಿಯರು ಹಂಚಿಕೊಂಡು ತಿಂದರು. ಯಾರ ಪಾಲಿಗೂ ಕೈ ಹಾಕಲಿಲ್ಲ. ಅದೇ ಸಂಸ್ಕಾರ."

ಇದಕ್ಕೆ ನಮ್ಮ ಅಪ್ಪ ಹೆಬ್ಬೆಟ್ಟು ಒತ್ತಿದರು. ತಂಗಿಯ ಮಾತಿಗೂ ಒತ್ತಿದ್ದರು, ಫಾರ್ವರ್ಡಿಗೂ ಒತ್ತಿದ್ದರು. ನಮ್ಮ ಅಪ್ಪ ಹಾಗೇ.

ಮಗಳಿಗೆ ಬೈದರು ಎಂದ ಮೇಲೆ ವಕೀಲ ಕಾಕಾ ಸುಮ್ಮನಿರುವವರೇ?

"ಗದಗದ ಅಣ್ಣಾ, ಕೂಡಿ ಬಾಳುವುದರ ಬಗ್ಗೆ ನೀನು ಹೇಳುವುದಾ? ಪಾಲಿನ ಬಾವಿಯಿಂದ ಹತ್ತು ಮಾರು ದೂರದಲ್ಲಿ ಬೋರ್ ಹೊಡೆಸಿದವರು ಯಾರು?"

ಹಾಳಾಯಿತು. ಊರಲ್ಲಿ ನಾಲ್ಕೂ ಅಣ್ಣತಮ್ಮಂದಿರಿಗೆ ಸೇರಿದ ಒಂದು ಬಾವಿ ಇದೆ. ಪಾಳಿ ಪ್ರಕಾರ ನೀರು. ಬೋರ್ ಬಿದ್ದ ಎರಡನೇ ಬೇಸಿಗೆಗೆ ಬಾವಿ ಬತ್ತಿತು. ಅದನ್ನು ಮದುವೆ ಮನೆಯಲ್ಲೂ ಯಾರೂ ಎತ್ತುತ್ತಿರಲಿಲ್ಲ. ಎಂಟು ವರ್ಷ ಮುಚ್ಚಿಟ್ಟದ್ದನ್ನು ಒಂದು ನೊಬೆಲ್ ಹೊರಗೆ ತೆಗೆಯಿತು.

ಗದಗ ಕಾಕಾ ಬಿಡಲಿಲ್ಲ. "ಮೋಟಾರ್ ಸುಟ್ಟಾಗ ಮೂರು ಸಲ ವೈಂಡಿಂಗ್ ಮಾಡಿಸಿದ್ದು ನಾನು. ಯಾರಾದರೂ ರೂಪಾಯಿ ಕೊಟ್ಟಿರಾ? ಹೂಳು ತೆಗೆಸಲು ಕರೆದರೆ ಒಬ್ಬರಿಗೆ ಕೋರ್ಟು, ಒಬ್ಬರಿಗೆ ಪರೀಕ್ಷೆ. ಹೊಲದಲ್ಲಿ ಇರುವವನು ನಾನೊಬ್ಬ. ನನ್ನ ಹೊಲ, ನನ್ನ ಬೋರ್. ಕಾನೂನು ಏನು ಹೇಳುತ್ತದೆ ವಕೀಲ್ರೇ?"

ಇಪ್ಪತ್ತು ನಿಮಿಷ ಉತ್ತರ ಇಲ್ಲ. "ಟೈಪಿಂಗ್" ಅಂತ ಬರುವುದು, ಹೋಗುವುದು. ಆಮೇಲೆ ಬಂತು:

"1882ರ ಈಸ್‌ಮೆಂಟ್ ಕಾಯ್ದೆ ನಿನ್ನ ಕಡೆಗೇ ಇದೆ. ಭೂಮಿ ಯಾರದ್ದೋ ಅದರ ಕೆಳಗಿನ ನೀರು ಎತ್ತುವ ಹಕ್ಕೂ ಅವರದ್ದೇ. ಆದರೆ ಅದನ್ನು ಬರೆದ ಬ್ರಿಟಿಷರ ಕಾಲದಲ್ಲಿ ಸಬ್‌ಮರ್ಸಿಬಲ್ ಪಂಪ್ ಇರಲಿಲ್ಲ."

ಇಡೀ ಬೆಳಗಿನಲ್ಲಿ ನನಗೆ ತೂಕದ್ದು ಅನಿಸಿದ ಮಾತು ಇದೇ. ಹೊಲ ಇದ್ದವನಿಗೆ ನೀರು, ಇಲ್ಲದವನು ಏನು ಮಾಡಬೇಕು? ತಂಗಿ ಇದನ್ನೇ ಹಿಡಿದು ಏನೋ ಬರೆಯಲು ಹೊರಟಳು. ಅಷ್ಟರಲ್ಲಿ ಪುಣೆಯ ತಮ್ಮ ಎದ್ದ.

"ಆ ಬಾವಿಯಲ್ಲೇ ಅಲ್ವಾ ನಾವು ಈಜು ಕಲಿತದ್ದು! ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿಕೊಂಡು! ಈಜಿ ಬಂದ ಮೇಲೆ ಅಜ್ಜಿಯ ರೊಟ್ಟಿ, ಗುರೆಳ್ಳು ಚಟ್ನಿ!"

ಹನ್ನೊಂದು ಹೃದಯ ಬಿದ್ದವು. ಮುಂದಿನ ಅರ್ಧ ತಾಸು ಗದಗಿನ ಬದನೆಕಾಯಿ ಬಜಿ ಎಲ್ಲಿ ಚೆನ್ನಾಗಿತ್ತು ಎನ್ನುವುದರಲ್ಲಿ ಹೋಯಿತು.

ನಡುವೆ ಹಾವೇರಿ ದೊಡ್ಡವ್ವ ಒಂದು ಮಾತು ಹಾಕಿದ್ದರು. ಬಜಿಯ ಗದ್ದಲದಲ್ಲಿ ಯಾರೂ ನೋಡಲಿಲ್ಲ. "ನಮ್ಮ ತವರಿನ ಕಡೆ ಕುಸನೂರಿನಲ್ಲಿ ಜನ ನೀಲಗಿರಿ ಕಿತ್ತು ಬೇರೆ ಸಸಿ ಹಚ್ಚಿದ್ದರು. ದನ ಮೇಯುವ ಜಾಗ ಸರ್ಕಾರದವರು ಕಂಪನಿಗೆ ಕೊಟ್ಟಿದ್ದರು."

ತಂಗಿ ಮಾತ್ರ ಹಿಡಿದಳು. "ಹೌದು ದೊಡ್ಡವ್ವಾ! ಕಿತ್ತಿಕೋ ಹಚ್ಚಿಕೋ ಸತ್ಯಾಗ್ರಹ. 1987ರ ನವೆಂಬರ್ 14. ಆಗ ಹಾವೇರಿ ಇನ್ನೂ ಧಾರವಾಡ ಜಿಲ್ಲೆಯಲ್ಲೇ ಇತ್ತು. ಸರ್ಕಾರವೂ ಖಾಸಗಿಯವರೂ ಸೇರಿ ಮಾಡಿದ ಕಂಪನಿಗೆ ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಜಮೀನು ಹೋಗುತ್ತಿತ್ತು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಕೋರ್ಟಿಗೂ ಹೋಯಿತು. 1991ಕ್ಕೆ ಆ ಕಂಪನಿಯೇ ಮುಚ್ಚಿತು. ನನ್ನ ಪ್ರಬಂಧದಲ್ಲಿ ಒಂದು ಅಧ್ಯಾಯವೇ ಇದೆ. ನೀವು ನೋಡಿದ್ದೀರಾ?"

"ನೋಡಿಲ್ಲವ್ವಾ. ಕೂಸು ಸಣ್ಣದಿತ್ತು. ಅವ್ವ ಹೇಳಿದ್ದಳು."

ತಂಗಿ ಈಗ ಹುರುಪಿಗೆ ಬಿದ್ದಳು. ಸ್ವಿಟ್ಜರ್ಲೆಂಡಿನ ತೋರ್ಬೆಲ್ ಎಂಬ ಊರಿನಲ್ಲಿ 1517ರ ನೇಮವಂತೆ: ಚಳಿಗಾಲದಲ್ಲಿ ಎಷ್ಟು ದನಕ್ಕೆ ಮನೆಯಲ್ಲಿ ಮೇವಿದೆಯೋ ಅಷ್ಟನ್ನೇ ಬೇಸಿಗೆಯಲ್ಲಿ ಗುಡ್ಡಕ್ಕೆ ಬಿಡಬೇಕು. ಸ್ಪೇನಿನ ವೆಲೆನ್ಸಿಯಾದಲ್ಲಿ ಇವತ್ತಿಗೂ ಗುರುವಾರ ಮಧ್ಯಾಹ್ನ ಚರ್ಚಿನ ಬಾಗಿಲಲ್ಲಿ ರೈತರೇ ಕುಳಿತು ಕಾಲುವೆ ನೀರಿನ ತಂಟೆ ತೀರಿಸುತ್ತಾರಂತೆ. ಪಾಳಿ ತಪ್ಪಿಸಿದವರಿಗೆ ಇಂಥ ಕಡೆ ಮೊದಲು ಸಣ್ಣ ದಂಡ, ಮತ್ತೆ ಮತ್ತೆ ತಪ್ಪಿದರೆ ದೊಡ್ಡದು.

"ನಮ್ಮ ಅತ್ತೆಯವರೂ ಹಾಗೇ ಮಾಡಿದ್ದರು," ಎಂದರು ದೊಡ್ಡವ್ವ. "ವಹಿ ನಮ್ಮ ಟ್ರಂಕಿನಲ್ಲಿದೆ. ನೋಡಲಿ ಎಲ್ಲರೂ, ಆಗ ಎಷ್ಟು ನ್ಯಾಯ ಇತ್ತು ಅಂತ."

ಫೋಟೊ ಬಂತು. ಹಳದಿ ಹಾಳೆ. ಅಜ್ಜಿ ಹೇಳಿ, ಯಾರೋ ಬರೆದದ್ದು. ಸೋಮವಾರ, ಮಂಗಳವಾರ ಎಂದು ಪಾಳಿ. ಕೆಳಗೆ ದಂಡದ ಪಟ್ಟಿ.

ದೊಡ್ಡವ್ವ ಕಳಿಸುವ ಮುಂಚೆ ಓದಿರಲಿಲ್ಲ. ಕನ್ನಡಕ ಎಲ್ಲಿತ್ತೋ. ಗದಗ ಕಾಕಾ ಮಾತ್ರ ಬೆರಳಿಂದ ಎಳೆದು ದೊಡ್ಡದು ಮಾಡಿ ಓದಿದರು, ಕೆಂಪು ಗೆರೆ ಎಳೆದು ಗುಂಪಿಗೆ ವಾಪಸ್ ಹಾಕಿದರು.

"ರಾತ್ರಿ ಪಾಳಿ ತಪ್ಪಿಸಿ ನೀರು: ಹಿರೇ ಮಗ. ದಂಡ: ಒಂದು ದಿನ ಹೂಳು ತೆಗೆಯುವುದು."

ಅದರ ಕೆಳಗೆ ಮತ್ತೆ "ಹಿರೇ ಮಗ", ಎರಡು ದಿನ ಹೂಳು. ಇನ್ನೂ ಕೆಳಗೆ ಮತ್ತೊಮ್ಮೆ, ಒಂದು ಚೀಲ ಜೋಳ.

"ಮೂಲ ಕೇಳಿದ್ದೆಯಲ್ಲವ್ವಾ," ಎಂದು ಕಾಕಾ ತಂಗಿಗೆ ಬರೆದರು, "ತಗೋ."

ಹಾವೇರಿ ಕಡೆಯಿಂದ "ಈ ಸಂದೇಶವನ್ನು ಅಳಿಸಲಾಗಿದೆ" ಎಂದು ಬಂತು. ಅಳಿಸಿದ್ದು ಸಂಸ್ಕಾರದ ವಾಯ್ಸ್ ಮೆಸೇಜ್. ದೊಡ್ಡವ್ವನ ಫೋಟೊ ಅಲ್ಲೇ ಇತ್ತು. ಅಪ್ಪ ಅದಕ್ಕೂ ಹೆಬ್ಬೆಟ್ಟು ಒತ್ತಿದರು.

ತಂಗಿ ಕೇಳಿದಳು: "ದೊಡ್ಡವ್ವಾ, ಈ ಹಾಳೆಯನ್ನು ನನ್ನ ಪ್ರಬಂಧದಲ್ಲಿ ಹಾಕಿಕೊಳ್ಳಲಾ? ಹೆಸರು ಹಾಕುವುದಿಲ್ಲ."

ದೊಡ್ಡವ್ವ ಉತ್ತರಿಸುವ ಮುಂಚೆ ವಕೀಲ ಕಾಕಾ ಬರೆದರು: "ಒಂದು ನಿಮಿಷ. ಪಾಲಾದಾಗ ಆ ವಹಿ ಯಾರ ಪಾಲಿಗೆ ಬಂದಿತ್ತು?"

ಎಂಟು ಜನ ಒಟ್ಟಿಗೆ ಟೈಪ್ ಮಾಡತೊಡಗಿದರು.